ಅರೆತಲೆನೋವಿನಲ್ಲಿ ಕಾರಣ ಮತ್ತು ಅಪರಾಧ

ದೇಹಕ್ಕೆ ಒದಗುವ ವೇದನೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳೂ ವೈದ್ಯಗ್ರಂಥಗಳೂ ಬಹುಕಾಲ ಚರ್ಚಿಸಿವೆ. ಅದು ಹಿಂದಿನ ಜನ್ಮದ ಕರ್ಮಫಲವೆಂದು ಒಂದು ಪಕ್ಷ ಹೇಳಿದರೆ, ದೇಹದ ಸ್ವಭಾವವೇ ಅಷ್ಟು ಎಂದು ಇನ್ನೊಂದು ಪಕ್ಷ ಹೇಳುತ್ತದೆ. ನೋಯುವವನು ಈ ಜನ್ಮದಲ್ಲಿಯೇ, ನಿನ್ನೆಯೋ ಮೊನ್ನೆಯೋ ಮಾಡಿದ ಅಪಥ್ಯದ ಪರಿಣಾಮವೆಂದು ಮೂರನೆಯ ಪಕ್ಷ ವಾದಿಸುತ್ತದೆ. ಬಹುಪಾಲು ಕಾಯಿಲೆಗಳಲ್ಲಿ ಈ ಚರ್ಚೆ ಬೇಗ ತಣ್ಣಗಾಗುತ್ತದೆ, ಏಕೆಂದರೆ ಮುರಿದ ಮೂಳೆಯ ಮುಂದೆ ಕೂತು ಯಾರೂ ಕಾರಣಮೀಮಾಂಸೆ ನಡೆಸುವುದಿಲ್ಲ. ಅರೆತಲೆನೋವಿನಲ್ಲಿ ಮಾತ್ರ ಅದು ಮುಗಿಯುವುದೇ ಇಲ್ಲ. ನೋವು ಬರುತ್ತದೆ, ಮನುಷ್ಯನನ್ನು ಕತ್ತಲೆಯ ಕೋಣೆಗೆ ಅಟ್ಟುತ್ತದೆ, ಒಂದೆರಡು ದಿನಗಳಲ್ಲಿ ಗುರುತು ಉಳಿಸದೆ ಹೊರಟುಹೋಗುತ್ತದೆ, ಮತ್ತೆ ಯಾವಾಗ ಬರುವುದೆಂದು ಹೇಳಿಹೋಗುವುದಿಲ್ಲ. ನಡುವಿನ ದಿನಗಳಲ್ಲಿ ಆರೋಗ್ಯವಾಗಿಯೇ ಇರುವ ರೋಗಿಯು ಕಾರಣ ಹುಡುಕಲು ತೊಡಗುತ್ತಾನೆ, ಅವನ ಸುತ್ತಲಿನವರೂ ತೊಡಗುತ್ತಾರೆ. ಕಾರಣವನ್ನು ಅರಿಯುವ ಕೆಲಸ ಎಲ್ಲಿ ಮುಗಿಯಿತು, ತಪ್ಪು ಹೊರಿಸುವ ಕೆಲಸ ಎಲ್ಲಿ ಮೊದಲಾಯಿತು ಎಂಬ ಗಡಿ ಈ ಹುಡುಕಾಟದಲ್ಲಿ ಬಹುಬೇಗ ಅಳಿಸಿಹೋಗುತ್ತದೆ. ತಲೆನೋವನ್ನು ಮಾತ್ರೆಗಿಂತ ಮೊದಲು ಆಹಾರ, ನಿದ್ರೆ, ದಿನಚರಿಗಳಿಂದ ತಡೆಯಬೇಕೆನ್ನುವ ಉಪದೇಶಗಳೆಲ್ಲವೂ, ತಿಳಿದೋ ತಿಳಿಯದೆಯೋ, ಆ ಗಡಿಯ ಮೇಲೆಯೇ ನಿಂತಿವೆ.

ಮೊದಲು ವ್ಯಾಧಿಯ ಸ್ವರೂಪವನ್ನು ಹೇಳಬೇಕು. ಇಂದಿನ ವೈದ್ಯಶಾಸ್ತ್ರವು ಮೈಗ್ರೇನ್ ಎಂದು ಹೆಸರಿಸುವ ಈ ಬೇನೆಯು ಚಿಕಿತ್ಸೆ ದೊರೆಯದಿದ್ದರೆ 4ರಿಂದ 72 ಗಂಟೆಗಳವರೆಗೆ ಉಳಿಯುತ್ತದೆ. ಹೆಚ್ಚಾಗಿ ತಲೆಯ ಒಂದು ಪಾರ್ಶ್ವವನ್ನು ಹಿಡಿದು, ನಾಡಿಯಂತೆ ಮಿಡಿಯುತ್ತ, ಮೆಟ್ಟಿಲು ಹತ್ತಿದಷ್ಟಕ್ಕೇ ಉಲ್ಬಣಿಸುತ್ತದೆ. ಅದರೊಡನೆ ವಾಕರಿಕೆ, ವಾಂತಿ, ಬೆಳಕನ್ನೂ ಸದ್ದನ್ನೂ ತಾಳಲಾರದ ಸ್ಥಿತಿ ಕೂಡಿಕೊಳ್ಳುತ್ತವೆ. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕಾದ ಹೊಳೆಯುವ ಗೆರೆಗಳು ಕಾಣಿಸುತ್ತವೆ. ಮುಖದ ಸಂವೇದನೆಯನ್ನು ಹೊರುವ ಟ್ರೈಜೆಮಿನಲ್ ನರದ ತುದಿಗಳಿಂದ ಸಿಜಿಆರ್‌ಪಿ ಎಂಬ ಚಿಕ್ಕ ಪ್ರೋಟೀನು ಹೊರಬಿದ್ದು, ಮಿದುಳಿನ ಹೊದಿಕೆಯ ರಕ್ತನಾಳಗಳನ್ನು ಹಿಗ್ಗಿಸಿ ನೋವಿನ ಸಂದೇಶವನ್ನು ತೀವ್ರಗೊಳಿಸುತ್ತದೆಂಬುದು ಈಗ ಸ್ಥಿರಪಟ್ಟ ತಿಳಿವಳಿಕೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ ಬ್ರೈನ್ ಪ್ರಶಸ್ತಿ ಸಂದಿತು. ಈ ಬೇನೆಗೆ ಒಳಗಾಗುವ ಒಲವು ಬಹುಮಟ್ಟಿಗೆ ವಂಶದಿಂದ ಬರುತ್ತದೆ. ಹೆಂಗಸರಲ್ಲಿ ಅದು ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಮುಟ್ಟಿನ ಮುನ್ನಾದಿನಗಳಲ್ಲಿ ಈಸ್ಟ್ರೊಜೆನ್ ಇಳಿಯುವಾಗ ಅನೇಕರಿಗೆ ತಪ್ಪದೆ ಬರುತ್ತದೆ. ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಭಾಗಗಳಲ್ಲಿ ಮನೆಮನೆಗೆ ಹೋಗಿ ನಡೆಸಿ, 2015ರಲ್ಲಿ ಪ್ರಕಟಿಸಲಾದ ಸಮೀಕ್ಷೆಯ ಪ್ರಕಾರ 18ರಿಂದ 65 ವರ್ಷದೊಳಗಿನವರಲ್ಲಿ ಸುಮಾರು ಶೇ 25 ಮಂದಿಗೆ ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಬಂದಿತ್ತು. ನಾಲ್ವರಲ್ಲಿ ಒಬ್ಬರಿಗೆ ಇರುವ ಬೇನೆಯನ್ನು ವಿಶೇಷ ಪಾಪದ ಫಲವೆನ್ನಲು ಹೊರಡುವವರು ಪಾಪದ ವ್ಯಾಖ್ಯೆಯನ್ನೇ ಸಾಕಷ್ಟು ಹಿಗ್ಗಿಸಬೇಕಾದೀತು.

ನ್ಯಾಯ-ವೈಶೇಷಿಕರು ಸುಖದುಃಖಗಳನ್ನು ಆತ್ಮದ ಗುಣಗಳೆಂದು ಎಣಿಸಿ, ಅವು ಮನಸ್ಸೆಂಬ ಒಳಗಿನ ಇಂದ್ರಿಯದ ಮೂಲಕ ಅನುಭವಿಸುವವನಿಗೆ ಮಾತ್ರ ಪ್ರತ್ಯಕ್ಷವಾಗುತ್ತವೆ ಎನ್ನುತ್ತಾರೆ. ಮತ್ತೊಬ್ಬರ ದುಃಖವನ್ನು ಅನುಮಾನದಿಂದ, ಎಂದರೆ ಹೊರಗೆ ಕಾಣುವ ಗುರುತುಗಳನ್ನು ಆಧಾರವಾಗಿಟ್ಟುಕೊಂಡು ಊಹಿಸಿಯೇ ತಿಳಿಯಬೇಕು. ಅರೆತಲೆನೋವಿನ ರೋಗಿಯ ಸಂಕಟವೆಂದರೆ ಅಂಥ ಗುರುತೇ ಇಲ್ಲದಿರುವುದು: ಮೈ ಬಿಸಿಯಿಲ್ಲ, ಬಾವಿಲ್ಲ, ಸ್ಕ್ಯಾನ್ ಮಾಡಿಸಿದರೆ ವರದಿಯಲ್ಲಿ ಎಲ್ಲವೂ ಸರಿಯಾಗಿದೆ. ಅನುಮಾನಕ್ಕೆ ಹೇತು ಸಿಗದ ಕಡೆ ಜನ ಚಾರಿತ್ರ್ಯವನ್ನೇ ಹೇತುವಾಗಿ ಮಾಡಿಕೊಳ್ಳುತ್ತಾರೆ. ಕೆಲಸಗಳ್ಳತನ, ನಾಜೂಕು, ನೆಪ ಎಂಬ ಮಾತುಗಳು ಅಲ್ಲಿಂದ ಹುಟ್ಟುತ್ತವೆ. ಹೆಣ್ಣುಮಕ್ಕಳು ಈ ಮಾತುಗಳನ್ನು ಹೆಚ್ಚು ಕೇಳಿರುತ್ತಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕರ್ಮದ ಪ್ರಶ್ನೆಯನ್ನು ಅತ್ಯಂತ ನೇರವಾಗಿ ಎತ್ತಿಕೊಂಡದ್ದು ಬೌದ್ಧ ಸಾಹಿತ್ಯ. ಸಂಯುಕ್ತ ನಿಕಾಯದ ಒಂದು ಸುತ್ತದಲ್ಲಿ, ಎಂದರೆ ಉಪದೇಶದಲ್ಲಿ, ಮೋಳಿಯ ಸೀವಕನೆಂಬ ಪರಿವ್ರಾಜಕನು ರಾಜಗೃಹದ ವೇಣುವನದಲ್ಲಿ ಬುದ್ಧನನ್ನು ಕಂಡು, ಮನುಷ್ಯನು ಅನುಭವಿಸುವ ಸುಖ, ದುಃಖ, ಎರಡೂ ಅಲ್ಲದ ಸ್ಥಿತಿ ಎಲ್ಲವೂ ಪೂರ್ವಕರ್ಮದಿಂದಲೇ ಉಂಟಾಗುತ್ತವೆ ಎನ್ನುವವರ ಬಗೆಗೆ ಅಭಿಪ್ರಾಯ ಕೇಳುತ್ತಾನೆ. ಉತ್ತರವಾಗಿ ಬುದ್ಧನು ಎಂಟು ಕಾರಣಗಳನ್ನು ಎಣಿಸುತ್ತಾನೆ: ಪಿತ್ತ, ಶ್ಲೇಷ್ಮ, ವಾತ, ಇವುಗಳ ಕೂಟ, ಋತುವಿನ ಬದಲಾವಣೆ, ವಿಷಮವಾದ ನಡವಳಿಕೆ, ಹೊರಗಿನಿಂದ ಬಿದ್ದ ಪೆಟ್ಟು, ಎಂಟನೆಯದಾಗಿ ಕರ್ಮವಿಪಾಕ. ಎಂಟರಲ್ಲಿ ಒಂದನ್ನೇ ಎಲ್ಲಕ್ಕೂ ಹಚ್ಚುವವರು ತಾವೇ ಅನುಭವದಿಂದ ತಿಳಿಯಬಹುದಾದುದನ್ನೂ ಲೋಕವು ಒಪ್ಪಿರುವುದನ್ನೂ ಮೀರಿ ಮಾತನಾಡುತ್ತಿದ್ದಾರೆ ಎಂಬುದು ಅವನ ತೀರ್ಮಾನ. ಇಲ್ಲಿ ಗಮನಿಸಬೇಕಾದುದು ಕರ್ಮದ ನಿರಾಕರಣೆಯಲ್ಲ, ಅದಕ್ಕೆ ಕೊಟ್ಟಿರುವ ಸ್ಥಾನ. ಕರ್ಮವು ಪಟ್ಟಿಯಲ್ಲಿದೆ, ಆದರೆ ವೈದ್ಯನು ಪರೀಕ್ಷಿಸಬಹುದಾದ ಏಳು ಕಾರಣಗಳು ಮುಗಿದ ಮೇಲೆ ಇದೆ.

ಹಾಗೆಂದು ಬೌದ್ಧ ಪರಂಪರೆ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತನಾಡಿದೆ ಎನ್ನುವಂತಿಲ್ಲ. ಪಾಲಿ ಅಪದಾನದ ಒಂದು ಭಾಗವು ಬುದ್ಧನ ದೇಹಕ್ಕೆ ಬಂದ ಪ್ರತಿಯೊಂದು ಬಾಧೆಗೂ ಹಿಂದಿನ ಜನ್ಮದ ಒಂದೊಂದು ಕೃತ್ಯವನ್ನು ಹೊಂದಿಸುತ್ತದೆ, ಆ ಬಾಧೆಗಳಲ್ಲಿ ತಲೆನೋವೂ ಒಂದು. ಬೆಸ್ತರ ಊರಿನ ಹುಡುಗನಾಗಿದ್ದಾಗ ಮೀನುಗಳನ್ನು ಕೊಲ್ಲುವುದನ್ನು ನೋಡಿ ಸಂತೋಷಪಟ್ಟದ್ದರ ಶೇಷವಾಗಿ, ವಿಡೂಡಭನೆಂಬ ಅರಸನು ಬುದ್ಧನ ಕುಲದವರಾದ ಶಾಕ್ಯರನ್ನು ಸಂಹರಿಸಿದ ಕಾಲದಲ್ಲಿ ಬುದ್ಧನಿಗೆ ತಲೆ ಸಿಡಿಯಿತೆಂದು ಅದು ಹೇಳುತ್ತದೆ. ತನ್ನ ಕುಲವೇ ಹತವಾದ ಸುದ್ದಿ ಕೇಳಿದವನಿಗೆ ತಲೆ ನೋಯಲು ಇಷ್ಟು ದೂರದ ಕಾರಣ ಬೇಕೇ ಎಂದು ಓದುಗನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಮಿಲಿಂದಪ್ರಶ್ನದಲ್ಲಿ ಇದೇ ತೊಡಕನ್ನು ಯವನ ಅರಸ ಮಿಲಿಂದನು ಭಿಕ್ಷು ನಾಗಸೇನನ ಮುಂದೆ ಇಡುತ್ತಾನೆ: ಎಲ್ಲ ಅಕುಶಲವನ್ನೂ ಸುಟ್ಟುಕೊಂಡವನಿಗೆ ದೇಹಬಾಧೆ ಹೇಗೆ ಬಂತು? ನಾಗಸೇನನು ಸೀವಕನಿಗೆ ಹೇಳಿದ ಎಂಟು ಕಾರಣಗಳನ್ನೇ ಮುಂದಿಟ್ಟು, ಕರ್ಮದಿಂದ ಬರುವ ವೇದನೆ ಸ್ವಲ್ಪ, ಉಳಿದವುಗಳಿಂದ ಬರುವುದೇ ಹೆಚ್ಚು ಎಂದು ಉತ್ತರಿಸುತ್ತಾನೆ. ಅಪದಾನದ ಭಕ್ತಿಗೆ ಪ್ರತಿ ನೋವಿಗೂ ಒಂದು ಕಥೆ ಬೇಕಾಗಿತ್ತು. ನಾಗಸೇನನ ತರ್ಕಕ್ಕೆ ಆ ಕಥೆ ಬೇಕಿರಲಿಲ್ಲ. ಎರಡರಲ್ಲಿ ನಾಗಸೇನನದೇ ಗಟ್ಟಿಯಾದ ನಿಲುವು.

ಅದೇ ಪರಂಪರೆಯ ವಿನಯಪಿಟಕದಲ್ಲಿ ವೈದ್ಯ ಜೀವಕನ ಮೊದಲ ಚಿಕಿತ್ಸೆಯ ವೃತ್ತಾಂತವಿದೆ. ತಕ್ಷಶಿಲೆಯಲ್ಲಿ ಕಲಿತು ಮರಳುವ ದಾರಿಯಲ್ಲಿ, ಸಾಕೇತದ ಶ್ರೇಷ್ಠಿಯೊಬ್ಬನ ಹೆಂಡತಿಗೆ ಏಳು ವರ್ಷಗಳಿಂದ ವಾಸಿಯಾಗದ ತಲೆಬೇನೆ ಇರುವುದನ್ನು ಕೇಳಿ ಅವನು ಆ ಮನೆಗೆ ಹೋಗುತ್ತಾನೆ. ಬೊಗಸೆ ತುಪ್ಪವನ್ನು ಮೂಲಿಕೆಗಳೊಡನೆ ಕಾಯಿಸಿ, ಅವಳನ್ನು ಅಂಗಾತ ಮಲಗಿಸಿ ಮೂಗಿಗೆ ಹಾಕುತ್ತಾನೆ. ಬಾಯಿಗೆ ಇಳಿದು ಬಂದ ತುಪ್ಪವನ್ನು ಅವಳು ಪಾತ್ರೆಯಲ್ಲಿ ಉಗುಳಿ, ಹತ್ತಿಯಿಂದ ಅದ್ದಿ ತೆಗೆದಿಡಲು ದಾಸಿಗೆ ಹೇಳುತ್ತಾಳೆ. ಉಗುಳಿದ ತುಪ್ಪವನ್ನೂ ಬಿಡದ ಈ ಮನೆಯಿಂದ ತನಗೆ ಏನು ದಕ್ಷಿಣೆ ಬಂದೀತು ಎಂದು ಜೀವಕನ ಮುಖ ಬಾಡುತ್ತದೆ. ಅದನ್ನು ಕಂಡುಕೊಂಡ ಗೃಹಿಣಿಯು, ಆಳುಗಳ ಕಾಲಿಗೆ ಹಚ್ಚಲೋ ದೀಪಕ್ಕೋ ಅದು ಆಗುತ್ತದೆ, ನಿನ್ನ ದಕ್ಷಿಣೆಗೆ ಕೊರತೆಯಿಲ್ಲ ಎಂದು ಸಮಾಧಾನ ಹೇಳುತ್ತಾಳೆ. ಅವಳು ವಾಸಿಯಾಗುತ್ತಾಳೆ, ಮನೆಯವರೆಲ್ಲ ಸೇರಿ 16,000 ನಾಣ್ಯ ಕೊಡುತ್ತಾರೆ. ಇಡೀ ವೃತ್ತಾಂತದಲ್ಲಿ ಅವಳ ಪೂರ್ವಜನ್ಮದ ವಿಚಾರಣೆಯೇ ಇಲ್ಲದಿರುವುದು ಗಮನಾರ್ಹ. ಕರ್ಮಸಿದ್ಧಾಂತವನ್ನು ಉಸಿರಾಡುತ್ತಿದ್ದ ಸಮಾಜವೂ ರೋಗಿಯ ಹಾಸಿಗೆಯ ಪಕ್ಕದಲ್ಲಿ ತುಪ್ಪ, ಮೂಲಿಕೆ, ದಕ್ಷಿಣೆಗಳ ಮಾತನ್ನೇ ಆಡುತ್ತಿತ್ತು.

ಇನ್ನು ವೈದ್ಯಶಾಸ್ತ್ರದ ಕಡೆಗೆ ಬಂದರೆ, ಚರಕಸಂಹಿತೆಯ ಸೂತ್ರಸ್ಥಾನದ 17ನೆಯ ಅಧ್ಯಾಯವು ಶಿರೋರೋಗದ ಕಾರಣಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ: ಮಲಮೂತ್ರಾದಿ ವೇಗಗಳನ್ನು ತಡೆಯುವುದು, ಹಗಲುನಿದ್ರೆ, ರಾತ್ರಿಯ ಜಾಗರಣೆ, ಮದ್ಯ, ಗಟ್ಟಿಯಾಗಿ ಮಾತನಾಡುವುದು, ಇಬ್ಬನಿ, ಮೂಡಣ ಗಾಳಿ, ಒಗ್ಗದ ವಾಸನೆ, ಧೂಳು, ಹೊಗೆ, ಬಿಸಿಲು, ಅಳುವುದು, ಬರುವ ಕಣ್ಣೀರನ್ನು ತಡೆಹಿಡಿಯುವುದು, ಮೋಡ ಕವಿಯುವುದು, ಮನಸ್ಸಿನ ತಾಪ, ದೇಶಕಾಲಗಳ ವ್ಯತ್ಯಾಸ. ಅರ್ಧಾವಭೇದಕ, ಎಂದರೆ ತಲೆಯ ಅರ್ಧವನ್ನು ಸೀಳುವ ನೋವು, ಸಿದ್ಧಿಸ್ಥಾನದಲ್ಲಿ ವಿವರವಾಗಿ ಬರುತ್ತದೆ: ಕತ್ತು, ಹುಬ್ಬು, ಕಪೋಲದ ಮೇಲಿನ ಶಂಖಪ್ರದೇಶ, ಕಿವಿ, ಕಣ್ಣು, ಹಣೆ ಇವುಗಳ ಒಂದು ಪಕ್ಕದಲ್ಲಿ ಆಯುಧದಿಂದ ಇರಿದಂತೆ ನೋಯುವ ಈ ಬೇನೆಗೆ ವಾತವೊಂದೇ ಅಥವಾ ಕಫದೊಡನೆ ಕೂಡಿದ ವಾತವು ಕಾರಣವೆಂದು ಅಲ್ಲಿ ಹೇಳಿದೆ. ಸುಶ್ರುತಸಂಹಿತೆ ಇದು ಹದಿನೈದು ದಿನಕ್ಕೋ ಹತ್ತು ದಿನಕ್ಕೋ, ಇಲ್ಲವೆ ಅಕಸ್ಮಾತ್ತಾಗಿಯೂ ಬರುತ್ತದೆಂದು ಸೇರಿಸುತ್ತದೆ. ಪ್ರಾಚೀನರ ಅರ್ಧಾವಭೇದಕವೂ ಇಂದಿನ ಮೈಗ್ರೇನೂ ಅಕ್ಷರಶಃ ಒಂದೇ ಎಂದು ಸಾಧಿಸುವ ಉತ್ಸಾಹ ಅನಗತ್ಯ. ಆದರೆ ನಿದ್ದೆಗೆಡುವುದು, ಹೊಗೆ, ಗಾಢ ವಾಸನೆ, ಬಿಸಿಲು, ಮದ್ಯ, ಮನೋವ್ಯಥೆ, ಹವೆಯ ಬದಲಾವಣೆ ಇವುಗಳನ್ನು ಇಂದಿನ ರೋಗಿಗಳೂ ಹೆಸರಿಸುತ್ತಾರೆಂಬುದು ನಿಜ. ಬರುವ ಅಳುವನ್ನು ನುಂಗಿಕೊಳ್ಳುವುದನ್ನು ಮೂಡಣ ಗಾಳಿಯ ಸಾಲಿನಲ್ಲಿಯೇ ನಿಲ್ಲಿಸಿದ ಆ ಗ್ರಂಥಕಾರನ ದೃಷ್ಟಿ ಸೂಕ್ಷ್ಮವಾದುದು.

ಈ ಪಟ್ಟಿಯಲ್ಲಿ ಎರಡು ಜಾತಿಯ ಕಾರಣಗಳು ಬೆರೆತಿವೆ. ಜಾಗರಣೆ, ಮದ್ಯ, ವೇಗಧಾರಣೆ ಇವು ಮನುಷ್ಯನು ಮಾಡುವಂಥವು. ಮೋಡ, ಇಬ್ಬನಿ, ಗಾಳಿ ಇವು ಅವನಿಗೆ ಆಗುವಂಥವು. ಚರಕನು ರೋಗಕಾರಣಗಳನ್ನು ಮೂರಾಗಿ ವಿಂಗಡಿಸುವಾಗ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ: ಇಂದ್ರಿಯಗಳಿಗೂ ವಿಷಯಗಳಿಗೂ ನಡುವೆ ಒಗ್ಗದ ಸಂಬಂಧ, ಪ್ರಜ್ಞಾಪರಾಧ, ಮತ್ತು ಪರಿಣಾಮವೆಂದು ಕರೆಯಲಾದ ಕಾಲದ ಗತಿ. ಪ್ರಜ್ಞಾಪರಾಧವೆಂದರೆ ತಿಳಿವು, ಸಂಯಮ, ನೆನಪು ಈ ಮೂರು ತಪ್ಪಿದಾಗ ಮನುಷ್ಯನು ಮಾಡುವ ಅಹಿತವಾದ ಕೆಲಸ. ಇಂದಿನ ಸಹಜಚಿಕಿತ್ಸೆಯ ಪ್ರಚಾರಕರಿಗೆ ಈ ಎರಡನೆಯದು ಬಹಳ ಪ್ರಿಯವಾದ ಪದ, ಏಕೆಂದರೆ ಅದರಿಂದ ರೋಗವೆಲ್ಲವೂ ರೋಗಿಯ ಕೈಯಲ್ಲಿದೆ ಎಂಬ ಭರವಸೆಯನ್ನು ಕೊಡಬಹುದು. ಆ ಭರವಸೆಯ ಬೆನ್ನಿಗೇ, ಹಾಗಾದರೆ ರೋಗ ಬಂದದ್ದು ರೋಗಿಯ ತಪ್ಪೇ ಎಂಬ ಆರೋಪವೂ ಅಂಟಿಕೊಂಡಿರುತ್ತದೆ. ಮೂರರಲ್ಲಿ ಒಂದನ್ನು ಆರಿಸಿ ಉಳಿದೆರಡನ್ನು ಮರೆಯುವ ಈ ಕ್ರಮ, ಎಂಟರಲ್ಲಿ ಕರ್ಮವೊಂದನ್ನೇ ಹಿಡಿದವರ ತಪ್ಪನ್ನೇ ಬೇರೆ ವೇಷದಲ್ಲಿ ಮಾಡುತ್ತದೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಆತ್ರೇಯನು ದೈವ ಮತ್ತು ಪುರುಷಕಾರಗಳನ್ನು ತೂಗಿ ನೋಡುವಾಗ ಹೆಚ್ಚು ಜಾಗರೂಕನಾಗಿದ್ದಾನೆ: ಹಿಂದಿನ ದೇಹದಲ್ಲಿ ಮಾಡಿದ್ದು ದೈವ, ಈ ದೇಹದಲ್ಲಿ ಮಾಡುವುದು ಪುರುಷಕಾರ, ದುರ್ಬಲವಾದ ದೈವವನ್ನು ಪುರುಷಕಾರ ಗೆಲ್ಲುತ್ತದೆ, ಪ್ರಬಲವಾದ ದೈವ ಪುರುಷಕಾರವನ್ನು ಮಣಿಸುತ್ತದೆ. ತಾಯಿಯಿಂದ ಬಂದ ಮೈಗ್ರೇನಿನ ಒಲವನ್ನು ಇಂದಿನ ಓದುಗನು ಆ ದೈವದ ಜಾಗದಲ್ಲಿ ಇಟ್ಟು ಓದಿದರೂ ವಾಕ್ಯದ ತರ್ಕ ಕೆಡುವುದಿಲ್ಲ.

ಜೈನದರ್ಶನವು ಅಸಾತಾವೇದನೀಯವೆಂಬ, ದುಃಖವನ್ನು ಉಣಿಸುವ ಕರ್ಮವಿಶೇಷವನ್ನೇ ಒಪ್ಪುವುದರಿಂದ ಬೌದ್ಧರಿಗಿಂತ ಹೆಚ್ಚು ಬಿಗಿಯಾದ ನಿಲುವಿನದು. ಆದರೂ ಕನ್ನಡ ನಾಡಿನ ವೈದ್ಯಸಾಹಿತ್ಯದ ಮೊದಲ ಹೆಸರುಗಳಲ್ಲಿ ಜೈನರೇ ಎದ್ದು ಕಾಣುತ್ತಾರೆ. ಪೂಜ್ಯಪಾದರ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದನು. ಕರ್ಮದ ಉದಯಕ್ಕೆ ನಿಮಿತ್ತಗಳು ಬೇಕು, ನಿಮಿತ್ತಗಳನ್ನು ವೈದ್ಯನು ಬದಲಿಸಬಲ್ಲ ಎಂಬ ದಾರಿ ಆ ದರ್ಶನದೊಳಗೇ ತೆರೆದಿತ್ತು.

ಕಾರಣವೆಂದರೇನು ಎಂಬುದನ್ನು ಬಿಗಿಯಾಗಿ ಕೇಳಿದವರು ನೈಯಾಯಿಕರು. ಕಾರ್ಯಕ್ಕಿಂತ ಮುಂಚೆ ಇದ್ದಮಾತ್ರಕ್ಕೆ ಒಂದು ವಸ್ತು ಕಾರಣವಾಗುವುದಿಲ್ಲ. ಅದು ತಪ್ಪದೆ ಮುಂಚೆ ಇರಬೇಕು, ಮತ್ತು ಅನ್ಯಥಾಸಿದ್ಧವಾಗಿರಬಾರದು, ಎಂದರೆ ಅದಿಲ್ಲದೆಯೂ ಕಾರ್ಯ ನಡೆಯುವಂತಿರಬಾರದು. ಮಡಕೆಗೆ ಮಣ್ಣು ಹೊತ್ತು ತಂದ ಕತ್ತೆ ಮಡಕೆಗಿಂತ ಮುಂಚೆ ಅಲ್ಲಿದ್ದರೂ ಮಡಕೆಯ ಕಾರಣವಲ್ಲ ಎಂಬುದು ಶಾಸ್ತ್ರದ ಉದಾಹರಣೆ. ಅರೆತಲೆನೋವಿನವರ ಕಾರಣಪಟ್ಟಿಯಲ್ಲಿ ಇಂಥ ಕತ್ತೆಗಳು ಹೇರಳವಾಗಿವೆ. ಚಾಕೊಲೇಟ್ ತಿಂದ ಮಾರನೆಯ ದಿನ ತಲೆ ಸಿಡಿಯಿತೆಂದು ಅನೇಕರು ಅದನ್ನು ಬಿಟ್ಟಿರುತ್ತಾರೆ. ಆದರೆ ನೋವು ಕಾಣಿಸಿಕೊಳ್ಳುವುದಕ್ಕೆ ಕೆಲವು ಗಂಟೆಗಳಿಂದ ಎರಡು ದಿನಗಳಷ್ಟು ಮೊದಲೇ ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ಏರುಪೇರು ಮೊದಲಾಗಿ, ಆಕಳಿಕೆ, ಕತ್ತಿನ ಬಿಗಿತ, ಸಿಡುಕು, ಸಿಹಿಯ ಹಂಬಲ ಹುಟ್ಟುತ್ತವೆಂದು ಈಗ ತಿಳಿದಿದೆ. ಹಾಗಿದ್ದರೆ ಚಾಕೊಲೇಟಿನ ಆಸೆಯೇ ಆಗಲೇ ಶುರುವಾದ ನೋವಿನ ಸರದಿಯ ಮೊದಲ ಲಕ್ಷಣವಾಗಿರಬಹುದು. ಕಾರ್ಯದ ಮುಂತುದಿಯನ್ನು ಹಿಡಿದು ಅದೇ ಕಾರಣವೆಂದು ಅದಕ್ಕೆ ಶಿಕ್ಷೆ ಕೊಟ್ಟಂತಾಯಿತು. ಕತ್ತು ತಿರುಚಿದ್ದರಿಂದ ನೋವು ಬಂತು, ಸಿಟ್ಟಾದದ್ದರಿಂದ ಬಂತು ಎಂಬ ನಂಬಿಕೆಗಳಲ್ಲಿಯೂ ಈ ತಲೆಕೆಳಗಾದ ಕ್ರಮವಿರುವ ಸಂಭವ ಉಂಟು. ಇದಲ್ಲದೆ ನೈಯಾಯಿಕರು ಹೇಳುವ ಕಾರಣಸಾಮಗ್ರಿ, ಎಂದರೆ ಒಂದು ಕಾರ್ಯಕ್ಕೆ ಬೇಕಾದ ಕಾರಣಗಳೆಲ್ಲ ಒಟ್ಟುಗೂಡುವುದು, ಈ ಬೇನೆಗೆ ಚೆನ್ನಾಗಿ ಹೊಂದುತ್ತದೆ. ಬಿಸಿಲಿನಲ್ಲಿ ತಿರುಗಿದ ಎಲ್ಲ ದಿನವೂ ನೋವು ಬರುವುದಿಲ್ಲ. ಹಿಂದಿನ ರಾತ್ರಿ ನಿದ್ದೆಗೆಟ್ಟು, ಮಧ್ಯಾಹ್ನದ ಊಟ ತಪ್ಪಿ, ಮುಟ್ಟಿನ ದಿನವೂ ಹತ್ತಿರವಿದ್ದಾಗ ಅದೇ ಬಿಸಿಲು ಸಾಮಗ್ರಿಯನ್ನು ಪೂರ್ತಿಗೊಳಿಸುತ್ತದೆ. ವೈದ್ಯರು ರೋಗಿಗೆ ದಿನಚರಿ ಪುಸ್ತಕ ಬರೆಯಲು ಹೇಳುವುದು ಅನ್ವಯ-ವ್ಯತಿರೇಕದ ಪರೀಕ್ಷೆಗಾಗಿಯೇ: ಇದು ಇದ್ದಾಗ ಅದು ಇದೆಯೇ, ಇದು ಇಲ್ಲದಾಗ ಅದೂ ಇಲ್ಲವೇ ಎಂದು ತಿಂಗಳುಗಟ್ಟಲೆ ನೋಡಿದ ಮೇಲೆಯೇ ಕಾರಣವೆಂಬ ಹೆಸರು ಕೊಡಬಹುದು. ಒಂದೆರಡು ಸಲದ ಕಾಕತಾಲೀಯವನ್ನು ನಂಬಿ ಒಂದೊಂದಾಗಿ ಆಹಾರಗಳನ್ನು ಬಿಡುತ್ತ ಹೋದವರ ಪಾಲಿಗೆ ಕೊನೆಗೆ ಅನ್ನ ಮಜ್ಜಿಗೆ ಮಾತ್ರ ಉಳಿಯುತ್ತದೆ, ತಲೆನೋವೂ ಉಳಿಯುತ್ತದೆ.

ಧರ್ಮದ ಪ್ರಶ್ನೆ ಇನ್ನೂ ಹತ್ತಿರದಿಂದ ಎದುರಾಗುವುದು ವ್ರತದಲ್ಲಿ. ಮಧ್ವಾಚಾರ್ಯರ ಕೃಷ್ಣಾಮೃತಮಹಾರ್ಣವವು ಏಕಾದಶಿಯ ಉಪವಾಸವನ್ನು ಒತ್ತಿ ವಿಧಿಸುತ್ತದೆ, ಕರ್ನಾಟಕದ ಮಾಧ್ವ ಮನೆಗಳಲ್ಲಿ ಅದರ ಆಚರಣೆ ಇಂದಿಗೂ ಕಟ್ಟುನಿಟ್ಟಾದುದು. ನಿಷ್ಠೆಯಿಂದ ಆಚರಿಸುವವರಿಗೆ ದಶಮಿಯಂದು ಒಪ್ಪತ್ತು, ಏಕಾದಶಿಯಂದು ನೀರೂ ಇಲ್ಲ, ರಾತ್ರಿ ಜಾಗರಣೆ, ದ್ವಾದಶಿಯ ನಸುಕಿಗೆ ಎದ್ದು ಸ್ನಾನ, ಪೂಜೆ, ಪಾರಣೆ. ಈ ಕ್ರಮವನ್ನು ಮೈಗ್ರೇನಿನ ದೃಷ್ಟಿಯಿಂದ ನೋಡಿದರೆ ಸಾಮಗ್ರಿಯ ಒಂದೊಂದೇ ಅಂಗ ಬಂದು ಸೇರುವುದು ಕಾಣುತ್ತದೆ. ಉಪವಾಸದ ತಲೆನೋವು ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಪ್ರತ್ಯೇಕ ಹೆಸರುಳ್ಳ ವ್ಯಾಧಿ. 8 ಗಂಟೆ ಹೊಟ್ಟೆ ಖಾಲಿಯಿದ್ದರೆ ಸಾಕು, ಮೈಗ್ರೇನ್ ಇರುವವರಿಗೆ ಅದು ಇನ್ನೂ ಸುಲಭವಾಗಿ ಬರುತ್ತದೆ. ದಿನಕ್ಕೆರಡು ಮೂರು ಲೋಟ ಗಟ್ಟಿ ಕಾಫಿಗೆ ಒಗ್ಗಿದವರು ಅದನ್ನು ಥಟ್ಟನೆ ನಿಲ್ಲಿಸಿದರೆ 24 ಗಂಟೆಯೊಳಗೆ ತಲೆ ನೋಯುತ್ತದೆ, ಇದಕ್ಕೂ ಬೇರೆ ಹೆಸರಿದೆ. ನೀರಿಲ್ಲದ ದೇಹ, ಮುರಿದ ನಿದ್ರೆ, ಕಿಟಕಿ ಮುಚ್ಚಿದ ದೇವರಮನೆಯ ಧೂಪದ ಹೊಗೆ ಇವು ಮೇಲೆ ಸೇರಿದರೆ, ಚರಕನ ಪಟ್ಟಿಯ ಜಾಗರಣೆ, ಹೊಗೆಗಳೂ ಒಂದೇ ದಿನದಲ್ಲಿ ನೆರವೇರಿದಂತೆ. ರಂಜಾನಿನ ಮೊದಲ ದಿನಗಳಲ್ಲಿಯೂ ಯಹೂದಿಗಳ ಯೋಮ್ ಕಿಪ್ಪುರ್ ಉಪವಾಸದಲ್ಲಿಯೂ ಇದೇ ತಲೆನೋವನ್ನು ವೈದ್ಯರು ದಾಖಲಿಸಿದ್ದಾರೆ.

ಭಕ್ತನು ಈ ನೋವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ತಪಸ್ಸಿನ ಭಾಗವೆಂದು ಸಹಿಸಬಹುದು, ಅಥವಾ ತನ್ನ ಶ್ರದ್ಧೆಯಲ್ಲಿಯೇ ಏನೋ ಲೋಪವಿದೆಯೆಂದು ಕೊರಗಬಹುದು, ಎರಡನೆಯದು ಅಪರೂಪವಲ್ಲ. ಧರ್ಮಶಾಸ್ತ್ರ ಮಾತ್ರ ಅಷ್ಟು ಕಠಿಣವಾಗಿಲ್ಲ. ನೀರು, ಬೇರು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ ಈ ಎಂಟರಿಂದ ವ್ರತಭಂಗವಾಗುವುದಿಲ್ಲವೆಂಬ ವಚನವನ್ನು ನಿಬಂಧಕಾರರು ಮತ್ತೆ ಮತ್ತೆ ಉದ್ಧರಿಸುತ್ತಾರೆ. ನಿರ್ಜಲದ ಸಂಪ್ರದಾಯದಲ್ಲಿಯೂ ರೋಗಿಗಳಿಗೆ, ಬಾಲರಿಗೆ, ವೃದ್ಧರಿಗೆ ವಿನಾಯಿತಿಯುಂಟು. ಕುರಾನಿನ ಎರಡನೆಯ ಅಧ್ಯಾಯವು ರೋಗಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸಲು ಅನುಮತಿ ಕೊಡುತ್ತದೆ. ಭಗವದ್ಗೀತೆಯ ಆರನೆಯ ಅಧ್ಯಾಯವಂತೂ ಅತಿಯಾಗಿ ಉಣ್ಣುವವನಿಗೂ ಉಣ್ಣದೇ ಇರುವವನಿಗೂ, ಅತಿಯಾಗಿ ಮಲಗುವವನಿಗೂ ಎಚ್ಚರದಲ್ಲಿಯೇ ಇರುವವನಿಗೂ ಯೋಗವಿಲ್ಲವೆಂದು ಹೇಳಿ ಯುಕ್ತವಾದ ಆಹಾರವಿಹಾರಗಳನ್ನು ಮುಂದಿಡುತ್ತದೆ. ನರವೈದ್ಯರು ಮೈಗ್ರೇನಿನವರಿಗೆ ಹೇಳುವುದೂ ಹೆಚ್ಚುಕಡಿಮೆ ಇಷ್ಟೇ: ರಜೆಯ ದಿನವೂ ಅದೇ ಹೊತ್ತಿಗೆ ಏಳುವುದು, ಊಟ ತಪ್ಪಿಸದಿರುವುದು, ನೀರು, ಮಿತವಾದ ಕಾಫಿ, ನಿಯಮಿತವಾದ ನಡಿಗೆ. ವ್ರತವನ್ನು ಬಿಡಲಾರದವರು ದಶಮಿಗೆ ವಾರವಿರುವಂತೆಯೇ ಕಾಫಿಯನ್ನು ಲೋಟದಿಂದ ಲೋಟಕ್ಕೆ ಇಳಿಸುವುದು, ಫಲಾಹಾರದ ಏಕಾದಶಿಯನ್ನು ಆರಿಸಿಕೊಳ್ಳುವುದು ಶಾಸ್ತ್ರಕ್ಕೂ ವೈದ್ಯಕ್ಕೂ ಸಮ್ಮತವಾದ ದಾರಿ. ಶ್ರದ್ಧೆಯ ಅಳತೆಗೋಲಾಗಿ ತಲೆನೋವನ್ನು ಬಳಸುವ ಅಧಿಕಾರವನ್ನು ಯಾವ ಗ್ರಂಥವೂ ಕೊಟ್ಟಿಲ್ಲ.

ಸಹಜ, ನೈಸರ್ಗಿಕ ಎಂಬ ಮಾತುಗಳಿಗೂ ಇಲ್ಲಿ ಸ್ವಲ್ಪ ಪರೀಕ್ಷೆ ಬೇಕು. ರೈ ಎಂಬ ಧಾನ್ಯದ ತೆನೆಯ ಮೇಲೆ ತಾನಾಗಿಯೇ ಬೆಳೆಯುವ ಎರ್ಗಟ್ ಶಿಲೀಂಧ್ರವು ಮಧ್ಯಯುಗದ ಯುರೋಪಿನಲ್ಲಿ ಕೈಕಾಲು ಕೊಳೆಯಿಸುವ ರೋಗವಾಗಿ ಊರುಗಳನ್ನೇ ಕಾಡಿತು. ಅದರಿಂದಲೇ 1918ರಲ್ಲಿ ಬೇರ್ಪಡಿಸಿದ ಎರ್ಗೊಟಮೈನ್ ದಶಕಗಳ ಕಾಲ ಮೈಗ್ರೇನಿನ ಮುಖ್ಯ ಔಷಧವಾಗಿತ್ತು. ಬಟರ್‌ಬರ್ ಎಂಬ ಮೂಲಿಕೆಯನ್ನು ಅಮೆರಿಕದ ನರವೈದ್ಯರ ಅಕಾಡೆಮಿ 2012ರಲ್ಲಿ ಶಿಫಾರಸು ಮಾಡಿ, ಯಕೃತ್ತಿಗೆ ಹಾನಿಯಾಗುವ ವಿಷಯ ತಿಳಿದು 2015ರಲ್ಲಿ ಹಿಂತೆಗೆದುಕೊಂಡಿತು. ಇತ್ತ ನೋವಿಗೆ ಮೂಲವಾದ ಸಿಜಿಆರ್‌ಪಿಯೂ ದೇಹವು ತಾನೇ ತಯಾರಿಸುವ, ಪೂರ್ತಿ ನೈಸರ್ಗಿಕ ವಸ್ತು. ಒಂದು ವಸ್ತು ಪ್ರಕೃತಿಯಿಂದ ಬಂತೆಂಬುದು ಅದರ ಒಳಿತಿಗೆ ಸಾಕ್ಷಿಯಲ್ಲ. ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ಹೆಸರಿನದೇ ಇನ್ನೊಂದು ಗ್ರಂಥವನ್ನು ಬರೆದ ಜೈನ ಆಚಾರ್ಯ ಉಗ್ರಾದಿತ್ಯನು ಮದ್ಯ ಮಾಂಸಗಳೊಡನೆ ಜೇನುತುಪ್ಪವನ್ನೂ ಚಿಕಿತ್ಸೆಯಿಂದ ಹೊರಗಿಟ್ಟನು. ಜೇನು ಅಸಹಜವೆಂದು ಅಲ್ಲ, ಹಿಂಸೆಯಿಂದ ಬಂದದ್ದೆಂದು. ಯಾವುದು ಸಹಜ ಎಂಬುದು ಅವನ ಪ್ರಶ್ನೆಯೇ ಆಗಿರಲಿಲ್ಲ, ಯಾವುದು ಹಿತ ಎಂಬುದಾಗಿತ್ತು.

ಸ್ವಭಾವವೆಂಬ ಮಾತಿಗೆ ಚರಕನಲ್ಲಿ ಇದಕ್ಕಿಂತ ಆಳವಾದ ಬಳಕೆಯಿದೆ. ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಸ್ವಭಾವೋಪರಮವೆಂಬ ವಾದ ಬರುತ್ತದೆ: ದೇಹದ ಧಾತುಗಳು ಹುಟ್ಟಲು ಕಾರಣ ಬೇಕು, ನಿಲ್ಲಲು ಬೇಡ, ಅವು ತಮ್ಮ ಸ್ವಭಾವದಿಂದಲೇ ಅಡಗುತ್ತವೆ. ಹಾಗಾದರೆ ವೈದ್ಯನಿಗೆ ಕೆಲಸವೇನು ಎಂದು ಶಿಷ್ಯ ಅಗ್ನಿವೇಶ ಕೇಳುತ್ತಾನೆ. ವಿಷಮವಾದ ಕಾರಣಗಳನ್ನು ಬಿಡಿಸಿ ಸಮವಾದವುಗಳನ್ನು ರೂಢಿಸುವುದರಿಂದ ವೈಷಮ್ಯದ ಸರಣಿ ಮುಂದುವರಿಯದಂತೆ ಮಾಡುವುದೇ ಕೆಲಸವೆಂದು ಆತ್ರೇಯನ ಉತ್ತರ. ಅರೆತಲೆನೋವಿನಲ್ಲಿ ಈ ವಿಚಾರ ಕಣ್ಣಿಗೆ ಕಾಣುವಂತಿದೆ. ಒಂದೊಂದು ಸರದಿಯೂ ಏನೂ ಮಾಡದಿದ್ದರೂ ಮೂರು ದಿನಗಳಲ್ಲಿ ಅಡಗುತ್ತದೆ. ತಡೆಯಬೇಕಾದದ್ದು ಸರದಿಗಳ ಸರಣಿಯನ್ನು. ನೋವು ಬಂದಾಗಲೆಲ್ಲ ಮಾತ್ರೆ ನುಂಗುವುದರಲ್ಲಿ ತಪ್ಪಿಲ್ಲ, ಮೊದಲ ಗಂಟೆಯಲ್ಲಿಯೇ ತೆಗೆದುಕೊಂಡರೆ ಅದು ಹೆಚ್ಚು ಫಲಕಾರಿ. ಆದರೆ ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್ ವರ್ಗದ ಅಥವಾ ಮಿಶ್ರ ಮಾತ್ರೆಗಳನ್ನು 10 ದಿನ, ಹೀಗೆ ಮೂರು ತಿಂಗಳಿಗೆ ಮೀರಿ ತೆಗೆದುಕೊಂಡವರಿಗೆ ಆ ಮಾತ್ರೆಗಳೇ ನಿತ್ಯದ ತಲೆನೋವನ್ನು ತರಬಲ್ಲವು. ಅಂಥವರಿಗೆ ಸರಣಿಯನ್ನು ತಡೆಯುವ ಔಷಧಗಳೂ ಮೆಗ್ನೀಸಿಯಂ, ರೈಬೊಫ್ಲಾವಿನ್‌ನಂಥ ಪೂರಕಗಳೂ ವೈದ್ಯರ ಸಲಹೆಯಲ್ಲಿ ದೊರೆಯುತ್ತವೆ. ಹಿಂದೆಂದೂ ಇಲ್ಲದ ರಭಸದಿಂದ ಕ್ಷಣಾರ್ಧದಲ್ಲಿ ಎರಗಿದ ನೋವು, ಜ್ವರ ಮತ್ತು ಕತ್ತಿನ ಸೆಡೆತದೊಡನೆ ಬಂದದ್ದು, ಕೈಕಾಲು ಸೋಲುವುದು, ಮಾತು ತೊದಲುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಮೊದಲಾದದ್ದು ಇವು ಮಾತ್ರ ಸ್ವಭಾವದಿಂದ ಅಡಗಲೆಂದು ಕಾಯುವಂಥವಲ್ಲ, ಕೂಡಲೆ ಆಸ್ಪತ್ರೆಗೆ ಹೋಗಬೇಕಾದವು.

ಎಲ್ಲ ನಿಯಮವನ್ನು ಪಾಲಿಸಿದ ಮೇಲೂ ಬರುವ ನೋವಿನ ಮಾತು ಉಳಿಯುತ್ತದೆ. ಸಂಯುಕ್ತ ನಿಕಾಯದ ಮತ್ತೊಂದು ಸುತ್ತವು ಎರಡು ಬಾಣಗಳ ಉಪಮೆಯಿಂದ ಪ್ರಸಿದ್ಧವಾಗಿದೆ: ದೇಹಕ್ಕೆ ನೋವಾದಾಗ ಅಜ್ಞನು ಶೋಕಿಸಿ ಎದೆ ಬಡಿದುಕೊಳ್ಳುವುದರಿಂದ ದೇಹದ್ದೊಂದು, ಮನಸ್ಸಿನದೊಂದು, ಹೀಗೆ ಎರಡು ಬಾಣಗಳ ಪೆಟ್ಟು ತಿನ್ನುತ್ತಾನೆ, ತಿಳಿದವನು ಒಂದರದೇ. ಮೊದಲ ಬಾಣ ಬೀಳುವುದಿಲ್ಲವೆಂದು ಆ ಸುತ್ತ ಎಲ್ಲಿಯೂ ಹೇಳುವುದಿಲ್ಲ. ಅಮೆರಿಕದಲ್ಲಿ ಮೈಗ್ರೇನ್ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸ್ಮೃತಿಧ್ಯಾನ ಕಲಿತ ಗುಂಪನ್ನು ತಲೆನೋವಿನ ಬಗೆಗೆ ಪಾಠ ಕೇಳಿದ ಗುಂಪಿನೊಡನೆ ಹೋಲಿಸಲಾಯಿತು. ನೋವಿನ ದಿನಗಳು ಎರಡೂ ಕಡೆ ಕಡಿಮೆಯಾದವು, ಧ್ಯಾನದ ಗುಂಪಿನಲ್ಲಿ ಹೆಚ್ಚಾಗಿಯೇನೂ ಇಳಿಯಲಿಲ್ಲ. ಆದರೆ ನೋವಿನಿಂದ ಬದುಕು ಕುಂಠಿತವಾಗುವ ಪ್ರಮಾಣ, ಖಿನ್ನತೆ, ನೋವನ್ನು ನಿಭಾಯಿಸಬಲ್ಲೆನೆಂಬ ಧೈರ್ಯ ಇವುಗಳಲ್ಲಿ ಧ್ಯಾನದ ಗುಂಪು ಮುಂದಿತ್ತು. ಯಾವ ತಪ್ಪಿಗೆ ಈ ನೋವು ಎಂಬ ವಿಚಾರಣೆಯೇ ಅರೆತಲೆನೋವಿನವರಿಗೆ ಬೀಳುವ ಎರಡನೆಯ ಬಾಣವೆಂದು ತೋರುತ್ತದೆ; ಅದನ್ನು ಎಸೆಯುವವರಲ್ಲಿ ರೋಗಿಯೊಬ್ಬನೇ ಇರುವುದಿಲ್ಲ. ದೆಹಲಿಯ ಏಮ್ಸ್ ಸಂಸ್ಥೆಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದ ಫಲ ಬೇರೆ ಬಗೆಯದು: ಔಷಧದೊಡನೆ ಯೋಗವನ್ನೂ ಮೂರು ತಿಂಗಳು ಅಭ್ಯಾಸ ಮಾಡಿದವರಲ್ಲಿ, ಔಷಧ ಮಾತ್ರ ತೆಗೆದುಕೊಂಡವರಿಗಿಂತ ಸರದಿಗಳ ಸಂಖ್ಯೆಯೂ ನೋವಿನ ತೀವ್ರತೆಯೂ ಹೆಚ್ಚು ಇಳಿದವು. ಅಲ್ಲಿ ಕೆಲಸ ಮಾಡಿದ್ದು ಆಸನವೋ, ಉಸಿರಾಟದ ಕ್ರಮವೋ, ವಾರಕ್ಕಿಷ್ಟು ದಿನ ತಪ್ಪದೆ ಅಭ್ಯಾಸಕ್ಕೆ ಕೂರುವ ನಿಯಮವೋ ಎಂಬುದನ್ನು ಅಂಥ ಪ್ರಯೋಗದ ರಚನೆಯಿಂದ ಬೇರ್ಪಡಿಸಿ ಹೇಳಲಾಗದು. ನೈಯಾಯಿಕನಾದರೆ ಇನ್ನೂ ಮೂರು ಗುಂಪುಗಳನ್ನು ಕೇಳುತ್ತಿದ್ದ.